ಭಾವನ ಎಂಟು ದಿನದ ವಾರ

ನಮ್ಮ ಬಸ್ ಡಿಪೋದ ಇನ್ನೂರ ನಲವತ್ತು ಡ್ರೈವರುಗಳಲ್ಲಿ ಯಾರು ಯಾವ ದಿನ ಯಾವ ಬಸ್ಸು ಹತ್ತಬೇಕು, ಯಾರು ಯಾವ ದಿನ ಮನೆಯಲ್ಲಿ ಕಾಲು ಚಾಚಿಕೊಂಡಿರಬೇಕು ಎಂದು ಬರೆಯುವವನು ನಾನು. ಕೇಳಿದರೆ ಏನೋ ದೊಡ್ಡ ಅಧಿಕಾರ ಅನ್ನಿಸಬಹುದು. ಹಾಗೇನಿಲ್ಲ. ಡ್ಯೂಟಿ ಗುಮಾಸ್ತ ಎನ್ನುತ್ತಾರೆ. ಒಂದು ಕಾಲು ಗಿಡ್ಡವಾದ ಮೇಜು, ಒಂದು ಅಡಿಪಟ್ಟಿ, ಮೂರು ಬಣ್ಣದ ಪೆನ್ನು, ಬಯ್ಯಬೇಕೆನಿಸಿದವರಿಗೆಲ್ಲ ಬಾಗಿಲು ತೆರೆದೇ ಇರುವ ಒಂದು ಕೋಣೆ. ಇಪ್ಪತ್ತಾರನೇ ವಯಸ್ಸಿಗೆ ನನಗಿರುವ ಒಂದೇ ಹೆಮ್ಮೆಯೆಂದರೆ, ಇದುವರೆಗೆ ಒಬ್ಬನೇ ಡ್ರೈವರನ್ನು ಒಂದೇ ಹೊತ್ತಿಗೆ ಎರಡು ಬಸ್ಸಿಗೆ ಹಾಕಿಲ್ಲ ಎನ್ನುವುದು. ಇದೂ ಒಂದು ಹೆಮ್ಮೆಯಾ ಎಂದು ಅಕ್ಕ ಕೇಳುತ್ತಾಳೆ.  ನನಗೆ ಬೇರೆ ಹೆಮ್ಮೆ ಇಲ್ಲ.

ಈ ಕೆಲಸ ಕೊಡಿಸಿದ್ದು ಭಾವ, ಅಕ್ಕನ ಗಂಡ. ಈಗ ಗಂಡ ಅನ್ನುವ ಹಾಗಿಲ್ಲ. ವಿಚ್ಛೇದನದ ಕಾಗದಕ್ಕೆ ಇಬ್ಬರೂ ಸಹಿ ಹಾಕಿಯಾಗಿದೆ. ಆದರೆ ಭಾವನನ್ನು ಭಾವ ಅನ್ನಬೇಡ ಎಂದು ನನಗೆ ಹೇಳುವ ಕಾಗದ ಇನ್ನೂ ಯಾವ ಕೋರ್ಟಿನಿಂದಲೂ ಬಂದಿಲ್ಲ. ಹಾಗಾಗಿ ಬೆಳಿಗ್ಗೆ ಡಿಪೋದಲ್ಲಿ ಅವರ ಹಾಜರಿ ಬರೆದು, ಸಂಜೆ ಅಕ್ಕನ ಮನೆಯಲ್ಲಿ ಚಹಾ ಕುಡಿದು, ಎರಡೂ ಕಡೆ ಅನುಮಾನಕ್ಕೆ ಗುರಿಯಾಗಿ ಬದುಕುತ್ತಿದ್ದೇನೆ.

ಭಾವನಿಗೆ ಡಿಪೋದಲ್ಲಿ ‘ನಿಧಾನಿ’ ಎಂದು ಹೆಸರು. ಇಪ್ಪತ್ತನೇ ವಯಸ್ಸಿಗೆ ಬಸ್ಸು ತೊಳೆಯಲು ಸೇರಿದವರು, ಆಮೇಲೆ ಟೈರು ವಿಭಾಗದಲ್ಲಿ ನಾಲ್ಕು ವರ್ಷ, ಆಮೇಲೆ ಸ್ಟೀರಿಂಗು. ಹದಿನೆಂಟು ವರ್ಷದಿಂದ ಲಾಂಗ್ ರೂಟು, ಹೋಗಿ ಬರಲು ಒಂಬತ್ತು ಗಂಟೆಯ ದಾರಿ. ಕಿಟಕಿ ಕಡೆಯ ಕೈ ಸುಟ್ಟ ಕಪ್ಪು. ಇನ್ನೊಂದು ಕೈ ಯಾರಿಂದಲೋ ಎರವಲು ತಂದಂತೆ ಬಿಳುಪು. ಒಂದು ಅಪಘಾತವಿಲ್ಲ, ಒಂದು ದೂರಿಲ್ಲ. ತಿರುವಿನಲ್ಲಿ ಅವರು ಗೇರು ಇಳಿಸಿದರೆ ಹಿಂದೆ ಕೂತವರ ಕೈಯ ಲೋಟದ ನೀರು ಅಲುಗುವುದಿಲ್ಲ ಎಂದು ಹೇಳುತ್ತಾರೆ. ಹತ್ತು ನಿಮಿಷ ತಡವಾಗಿ ತಲುಪುತ್ತಾರೆ, ಯಾವಾಗಲೂ ಹತ್ತೇ ನಿಮಿಷ. ಬಸ್ಸಿನ ವಿಷಯದಲ್ಲಿ ಮಾತ್ರ. ಮನೆಯ ವಿಷಯದಲ್ಲಿ ಆ ಹತ್ತು ನಿಮಿಷ ಎಷ್ಟಕ್ಕೆ ಬೇಕಾದರೂ ಉಬ್ಬುತ್ತಿತ್ತು.

ಅವರಿಬ್ಬರದು ತಟ್ಟೆ ಎಸೆಯುವ ಜಗಳವೇನಲ್ಲ. ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ, ಒಂಬತ್ತರಿಂದ ಐದು. ಹೆಸರು, ತಾರೀಖು, ಹೊತ್ತು ಬರೆಯದ ಟ್ಯೂಬು ಬಂದರೆ ದೊಡ್ಡ ಡಾಕ್ಟರು ಕಳಿಸಿದ್ದಾದರೂ ವಾಪಸ್ ಕಳಿಸುವವಳು. ಅವಳು ಹೊರಡುವಾಗ ಭಾವ ಬರುತ್ತಿದ್ದರು, ಅವಳು ಬರುವಾಗ ಭಾವ ಹೊರಡುತ್ತಿದ್ದರು. “ಬಾಗಿಲಲ್ಲಿ ನಿಂತು ಕೀಲಿಕೈ ಕೊಟ್ಟು ತಗೊಳ್ಳೋದಕ್ಕೆ ಸಂಸಾರ ಅಂತ ಹೆಸರಿಟ್ಕೊಂಡಿದ್ವಿ ಕಣೋ” ಎಂದಳು ಒಮ್ಮೆ. ಒಂದೂವರೆ ವರ್ಷದ ಹಿಂದೆ ಶಾಲೆಯ ಹತ್ತಿರ ಎರಡು ಕೋಣೆಯ ಮನೆ ಹಿಡಿದು ಮಗಳನ್ನು ಕರೆದುಕೊಂಡು ಹೋದಳು. ಮಗಳಿಗೆ ಏಳೂವರೆ ವರ್ಷ. ಹುಟ್ಟಿದಾಗ ಮೂಗು ಬಟಾಣಿಯಷ್ಟಿತ್ತು ಎಂದು ನಾವೆಲ್ಲ ಬಟಾಣಿ ಎನ್ನುತ್ತೇವೆ. ಈಗ ಮೂಗು ಬೆಳೆದಿದೆ, ಹೆಸರು ಉಳಿದಿದೆ.

ಉಳಿದದ್ದು ಬಟಾಣಿಯ ವಿಷಯ ಒಂದೇ. ಅವಳು ವಾರದಲ್ಲಿ ಎರಡು ರಾತ್ರಿ ತಮ್ಮ ಮನೆಯಲ್ಲಿ ಮಲಗಬೇಕು ಎಂದು ಭಾವನ ಕೇಳಿಕೆ. ಡ್ಯೂಟಿ ನೋಡಿದರೆ ಅದು ನಡೆಯುವ ಮಾತಲ್ಲ ಎಂದು ಅಕ್ಕ. ಕೋರ್ಟಿನವರು ಇಬ್ಬರನ್ನೂ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರು: ಕೂತು ಮಾತಾಡಿ, ಒಪ್ಪಿದರೆ ಬರೆದು ತನ್ನಿ, ಇಲ್ಲದಿದ್ದರೆ ನಾವು ಬರೆಯುತ್ತೇವೆ. ಭಾವನ ವಕೀಲರು ಕನ್ನಡಕ ಒರೆಸುತ್ತ ಹೇಳಿದರು, “ಅಲ್ಲೇ ಮುಗಿಸ್ಕೊಳ್ಳಿ. ಜಡ್ಜ್ ಕೈಗೆ ನಿಮ್ಮ ಡ್ಯೂಟಿ ಪಟ್ಟಿ ಹೋದ್ರೆ ಭಾನುವಾರ ಎರಡು ಗಂಟೆ ಅಂತ ಬರೀತಾರೆ. ಅದೂ ನೀವು ಊರಲ್ಲಿದ್ರೆ.”

ಆ ಸಂಜೆ ಭಾವ ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಕೇಂದ್ರದವರು ಕೊಟ್ಟ ಸೂಚನೆಯ ಹಾಳೆ.

“ಲೋ, ಇದನ್ನ ಓದಿ ಹೇಳೋ. ನಾನು ಓದಿದೆ. ಓದ್ತಾ ಓದ್ತಾ ಸಿಟ್ಟು ಬರ್ತಿದೆ.”

ಓದಿದೆ. ಮಗುವಿನ ಕೈಲಿ ಹೇಳಿ ಕಳಿಸಬೇಡಿ. ಹಳೆಯ ತಪ್ಪುಗಳನ್ನು ಎತ್ತಬೇಡಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ತಡೆಯಬೇಡಿ. ‘ನನ್ನ ಮಗಳು’ ಬದಲು ‘ನಮ್ಮ ಮಗಳು’ ಎನ್ನಿ. ಮಗುವಿನ ದಿನ ಹೇಗಿರುತ್ತದೆ ಎಂದು ಮೊದಲೇ ಯೋಚಿಸಿ, ಬರೆದುಕೊಂಡು ಬನ್ನಿ.

“ಇದರಲ್ಲಿ ಸಿಟ್ಟು ಬರೋದೇನಿದೆ ಭಾವ?”

“ಎಲ್ಲಾ ನನಗೇ ಹೇಳಿದ ಹಾಗಿದೆಯಲ್ಲೋ.”

ಅಕ್ಕನಿಗೆ ತಿಳಿಸದೆ ಸಹಾಯ ಮಾಡುವಷ್ಟು ಧೈರ್ಯ ನನಗಿಲ್ಲ; ತಿಳಿಸಿ ಮಾಡುವಷ್ಟೂ ಇರಲಿಲ್ಲ. ಎರಡು ದಿನ ಒದ್ದಾಡಿ ಹೋಗಿ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ನೀನು ಯಾರ ಕಡೆ?”

“ಬಟಾಣಿ ಕಡೆ” ಎಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದ ಉತ್ತರ.

“ಸಿನಿಮಾ ಡೈಲಾಗ್ ಬೇಡ. ಆ ಮನುಷ್ಯನಿಗೆ ನಾಲ್ಕು ಸಾಲು ಬರೆಯೋಕೆ ಬರಲ್ಲ, ನಿನ್ನ ಹತ್ರಾನೇ ಬರ್ತಾರೆ ಅಂತ ಗೊತ್ತಿತ್ತು. ಬರ್ಕೊಡು. ನೆಟ್ಟಗೆ ಬರ್ಕೊಡು. ನಾನು ಅರ್ಧ ದಿನ ರಜೆ ಹಾಕಿ ಬರ್ತಿದ್ದೀನಿ, ಹಾಳು ಮಾಡಬೇಡಿ ಇಬ್ಬರೂ ಸೇರ್ಕೊಂಡು.”

ಹೀಗೆ ಅನುಮತಿ ಸಿಕ್ಕಿತು. ಉಳಿದದ್ದು ಒಂಬತ್ತು ದಿನ.

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಒಬ್ಬರು ಹಿರಿಯ ಕಂಡಕ್ಟರಮ್ಮ ಇದ್ದಾರೆ. ಬಸ್ಸಿನಲ್ಲಿ ಅರವತ್ತು ಜನರನ್ನು ಕಣ್ಣಲ್ಲೇ ಹಿಂದಕ್ಕೆ ಸರಿಸುವವರು. ಹತ್ತು ವರ್ಷದ ಹಿಂದೆ ತಮ್ಮ ಮಗನಿಗಾಗಿ ಅದೇ ಕೇಂದ್ರದಲ್ಲಿ ಮೂರು ಸಲ ಕೂತು ಬಂದವರು. ಅವರೇ ಮೇಷ್ಟ್ರಾದರು.

“ಮೊದಲನೇ ಸಲ ನಾನು ನನ್ನ ಗಂಡನ ತಪ್ಪೆಲ್ಲ ಬರ್ಕೊಂಡು ಹೋಗಿದ್ದೆ” ಎಂದರು, ಟಿಕೆಟ್ ಚೀಲ ಪಕ್ಕಕ್ಕಿಟ್ಟು. “ಎರಡು ಹಾಳೆ, ಹಿಂದೆ ಮುಂದೆ. ಆ ಮೇಡಂ ಪೂರ್ತಿ ಕೇಳಿದ್ರು, ಪಾಪ. ಕೇಳಿ, ‘ಇದರಲ್ಲಿ ನಿಮ್ಮ ಮಗ ಎಲ್ಲಿದ್ದಾನಮ್ಮ?’ ಅಂದ್ರು. ನಾನು ಹಾಳೆ ತಿರುವಿ ತಿರುವಿ ನೋಡಿದೆ. ಎಲ್ಲೂ ಇರಲಿಲ್ಲ.”

ಭಾವ ತಮ್ಮ ಜೇಬಿನಿಂದ ಒಂದು ಹಾಳೆ ತೆಗೆದು, ಯಾರಿಗೂ ತೋರಿಸದೆ, ಹರಿದು ಕಸದ ಬುಟ್ಟಿಗೆ ಹಾಕಿದರು.

ಮರುದಿನದಿಂದ ಅಭ್ಯಾಸ. ಕಂಡಕ್ಟರಮ್ಮ ಮಧ್ಯಸ್ಥಿಕೆಯ ಮೇಡಂ. ಭಾವ ಭಾವನೇ. ಅಕ್ಕ ಯಾರು? ಕೋಣೆಯಲ್ಲಿದ್ದ ಡ್ರೈವರುಗಳೆಲ್ಲ ಒಟ್ಟಿಗೆ ನನ್ನ ಕಡೆ ನೋಡಿದರು. ಅವಳ ಜೊತೆ ಹದಿನೇಳು ವರ್ಷ ಒಂದೇ ಮನೆಯಲ್ಲಿ ಬೈಗುಳ ತಿಂದವನು ನಾನೊಬ್ಬನೇ ಆದ್ದರಿಂದ ಪಾತ್ರ ನನಗೇ ಸಿಕ್ಕಿತು. ಅಕ್ಕನಂತೆ ಬೆನ್ನು ನೆಟ್ಟಗೆ ಮಾಡಿ ಕೂತು, ಅಕ್ಕನಂತೆ ಒಂದು ಹುಬ್ಬು ಎತ್ತಿದೆ.

“ಮೇಡಂ, ಶಾಲೆಯ ಒಂದಾದರೂ ಕಾರ್ಯಕ್ರಮಕ್ಕೆ ಇವರು ಹೊತ್ತಿಗೆ ಸರಿಯಾಗಿ ಬಂದಿದ್ದಾರಾ, ಕೇಳಿ.”

“ಬ್ರೇಕ್ ಹೋಗಿತ್ತು ಕಣೇ ಅವತ್ತು!” ಭಾವ ಕುರ್ಚಿಯಿಂದ ಎದ್ದೇ ಬಿಟ್ಟರು. “ನಲವತ್ತೆಂಟು ಜನ ಇದ್ರು ಬಸ್ಸಲ್ಲಿ!”

ಕಂಡಕ್ಟರಮ್ಮ ಸೀಟಿ ಊದಿದರು. ನಿಜವಾದ ಸೀಟಿ. “ಇಳೀರಿ. ನಿಮ್ಮ ಸ್ಟಾಪ್ ಬಂತು.”

ಮೂಲೆಯಿಂದ ಒಬ್ಬ ಡ್ರೈವರು, “ನಿಧಾನಿ, ಗುಮಾಸ್ತನ ಮೇಲೇ ಇಷ್ಟು ರೇಗ್ತೀಯಲ್ಲ. ಇವನನ್ನ ಕಟ್ಕೊಂಡಿದ್ರೂ ನಿನ್ನ ಸಂಸಾರ ನಡೀತಿರಲಿಲ್ಲ ಬಿಡು” ಎಂದ. ಎಲ್ಲ ನಕ್ಕರು. ಭಾವ ನಗಲಿಲ್ಲ. ಮತ್ತೆ ಕೂತರು.

“ಸಿಟ್ಟು ಬಂದಾಗ ಏನ್ ಮಾಡ್ಬೇಕು ಗೊತ್ತಾ?” ಎಂದರು ಕಂಡಕ್ಟರಮ್ಮ. “ಮೇಜಿನ ಮೇಲೆ ನೀರಿಟ್ಟಿರ್ತಾರೆ. ಲೋಟ ಎತ್ತಿ. ಒಂದು ಗುಟುಕು ಕುಡೀರಿ. ನೀರು ಬಾಯಲ್ಲಿದ್ರೆ ಮಾತು ಬರಲ್ಲ. ಆಮೇಲೆ, ಅವರು ಹೇಳಿದ್ದು ನಿಜ ಆಗಿದ್ರೆ ಹೌದು ಅನ್ನಿ. ಬರೀ ಹೌದು. ಅದರ ಬಾಲಕ್ಕೆ ಆದ್ರೆ ಅಂತ ಕಟ್ಟಬೇಡಿ.”

ಆ ‘ಹೌದು’ ಕಲಿಯಲು ಭಾವ ಪಟ್ಟ ಪಾಡು ನನಗೆ ಗೊತ್ತು. ಮೂರನೇ ದಿನವೂ ಹೌದು ಎಂದವರು ಬಾಯಿ ತೆರೆದೇ ಇಟ್ಟುಕೊಂಡಿರುತ್ತಿದ್ದರು, ಒಳಗಿನ ‘ಆದ್ರೆ’ ಹೊರಗೆ ಬರಲು ಜಾಗ ಹುಡುಕುತ್ತಿರುತ್ತಿತ್ತು. ಸ್ಟೀರಿಂಗು ಹಿಡಿದು ಒಂಬತ್ತು ಗಂಟೆ ಅದನ್ನೇ ಗುನುಗಿದರಂತೆ. ಮುಂದಿನ ಸೀಟಿನ ಮುದುಕಿಯೊಬ್ಬಳು, “ಡ್ರೈವರಪ್ಪ, ಯಾರಿಗೆ ಹೌದು ಹೌದು ಅಂತಿದ್ದೀಯ, ಆರಾಮಾಗಿದ್ದೀಯ ತಾನೇ?” ಎಂದು ಕೇಳಿ, ಮುಂದಿನ ಊರಲ್ಲೇ ಇಳಿದುಹೋದಳಂತೆ.

ನನ್ನ ಪಾಲಿನ ಕೆಲಸ ಚಾರ್ಟು. ಮಗು ಯಾವ ದಿನ ಎಲ್ಲಿರುತ್ತದೆ ಎಂದು ಬರೆದುಕೊಂಡು ಬನ್ನಿ ಎಂದರೆ ಡ್ಯೂಟಿ ಗುಮಾಸ್ತನಿಗೆ ಹಬ್ಬ. ಭಾವನ ಪಾಳಿ ಹೀಗಿತ್ತು: ಎರಡು ದಿನ ಬೆಳಗಿನದು, ಎರಡು ದಿನ ಮಧ್ಯಾಹ್ನದ್ದು, ಎರಡು ದಿನ ಹೊರಗೆ ತಂಗುವುದು, ಎರಡು ದಿನ ರಜೆ. ಮತ್ತೆ ಮೊದಲಿನಿಂದ. ಆ ಎರಡು ರಜೆಯಲ್ಲೂ ಬಟಾಣಿ ಅಪ್ಪನ ಮನೆಯಲ್ಲಿ. ಹಸಿರು ಅಪ್ಪನದು, ನೀಲಿ ಅಮ್ಮನದು, ಮಗು ಕೈ ಬದಲಾಗುವ ಹೊತ್ತು ಕೆಂಪು. ಐವತ್ತಾರು ದಿನದ ಚಾರ್ಟು, ಮೂರು ಪ್ರತಿ, ಒಂದು ಕಾಟು ಗೀಟು ಇಲ್ಲ. ಹಸಿರು ಚೌಕಗಳು ಮೆಟ್ಟಿಲಿನ ಹಾಗೆ ಓರೆಯಾಗಿ ಇಳಿದು ಬರುತ್ತಿದ್ದವು, ನೋಡಲು ಬಲು ಚೆಂದ. ಭಾವ ನೋಡಿದರು, “ಸರಿಯಾಗಿದೆ” ಎಂದರು. ಕಂಡಕ್ಟರಮ್ಮ ನೋಡಿದರು, “ಗುಮಾಸ್ತಪ್ಪ, ನಮಗೆ ಇಷ್ಟು ಚೆಂದ ಬರ್ಕೊಟ್ಟಿಲ್ಲವಲ್ಲ ಒಂದಿನಾನೂ” ಎಂದರು. ನಾನು ಉಬ್ಬಿಹೋದೆ.

ಆ ದಿನ ಕೇಂದ್ರಕ್ಕೆ ಮುಕ್ಕಾಲು ಗಂಟೆ ಮೊದಲೇ ತಲುಪಿದೆವು. ಭಾವ ಜೀವಮಾನದಲ್ಲಿ ಮೊದಲ ಸಲ ಹೊತ್ತಿಗೆ ಮುಂಚೆ ಬಂದದ್ದನ್ನು ನೋಡಲು ಅಕ್ಕ ಅಲ್ಲಿರಲಿಲ್ಲ. ಅವಳು ಸರಿಯಾದ ಹೊತ್ತಿಗೆ ಬಂದಳು. ಲ್ಯಾಬಿನಿಂದ ನೇರ ಬಂದಿದ್ದಳು, ಬೆರಳುಗಳಲ್ಲಿ ಇನ್ನೂ ಸ್ಪಿರಿಟ್ಟಿನ ವಾಸನೆ. ಇಬ್ಬರೂ ಒಳಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಉಳಿದೆ. ಎದುರಿನ ಗೋಡೆಯ ಗಡಿಯಾರದ ಕೆಳಗೆ ಒಂದು ಪೆಟ್ಟಿಗೆ ತುಂಬ ಆಟದ ಸಾಮಾನು. ಚಕ್ರವಿಲ್ಲದ ಲಾರಿ, ಒಂದು ಕಿವಿಯ ಮೊಲ. ಎಷ್ಟು ಮಕ್ಕಳು ಇಲ್ಲಿ ಕಾದಿದ್ದರೋ.

ಒಳಗಿನ ಮಾತು ಹೊರಗೆ ಹೇಳಬಾರದು ಎಂಬ ನಿಯಮವಿದೆ. ಇಬ್ಬರೂ ಆಮೇಲೆ ಬರೆಯಬಹುದು ಎಂದಷ್ಟನ್ನು ಮಾತ್ರ ಬರೆಯುತ್ತಿದ್ದೇನೆ.

ಅಕ್ಕ ಮೊದಲು ಮಾತಾಡಿದಳಂತೆ. ಶಾಲೆಯ ಕಾರ್ಯಕ್ರಮ, ಜ್ವರ ಬಂದ ದಿನ ಫೋನು ಎತ್ತದ್ದು, ಹುಟ್ಟಿದ ದಿನಕ್ಕೆ ಎಲ್ಲ ಮಕ್ಕಳೂ ಹೋದ ಮೇಲೆ ಬಂದದ್ದು. ಭಾವ ಪ್ರತಿಯೊಂದಕ್ಕೂ ಲೋಟ ಎತ್ತಿ ನೀರು ಕುಡಿದು “ಹೌದು” ಎಂದರಂತೆ. ಮೊದಲ ಹೌದಿಗೆ ಅಕ್ಕ ನಂಬಲಿಲ್ಲ. ಎರಡನೆಯದಕ್ಕೆ ಯಾರು ಹೇಳಿಕೊಟ್ಟರು ಇದನ್ನು ಎಂದು ಸಿಟ್ಟು ಬಂತು. ಐದನೆಯದಕ್ಕೆ ಅವಳ ಮಾತೇ ಮುಗಿದುಹೋಯಿತು. “ಜಗಳ ಆಡೋಕೆ ಆಳೇ ಇಲ್ಲದ ಹಾಗಾಯ್ತು ಕಣೋ” ಎಂದಳು ಆಮೇಲೆ. “ಸುಸ್ತಾಗಿಬಿಡ್ತು.”

ಅಷ್ಟರಲ್ಲಿ ಐದು ಲೋಟ ನೀರು ಭಾವನ ಒಳಗೆ ಸೇರಿತ್ತು. ಬಾಗಿಲು ತೆರೆದು ಹೊರಬಂದು, ನನ್ನ ಮುಖ ನೋಡದೆ, ಶೌಚಾಲಯದ ಕಡೆ ಹೆಚ್ಚುಕಡಿಮೆ ಓಡಿದರು. ನಿಧಾನಿ ಓಡಿದ್ದನ್ನು ಡಿಪೋದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ವಾಪಸ್ ಬರುವಾಗ ಮೆಲ್ಲಗೆ, “ಇಲ್ಲಿಯವರೆಗೂ ಚೆನ್ನಾಗಿ ನಡ್ಕೊಂಡಿದ್ದೀನಿ. ಇನ್ನು ನಿನ್ನ ಚಾರ್ಟು” ಎಂದರು.

ಹತ್ತು ನಿಮಿಷಕ್ಕೆ ಮಧ್ಯಸ್ಥಿಕೆಯ ಮೇಡಂ ಬಾಗಿಲಿಗೆ ಬಂದರು. ನರೆಗೂದಲು, ಕತ್ತಿಗೆ ದಾರದಲ್ಲಿ ತೂಗುಬಿಟ್ಟ ಕನ್ನಡಕ, ದಿನವಿಡೀ ಬೇರೆಯವರ ಸಂಸಾರ ಕೇಳಿ ದಣಿದ ಆದರೆ ಕೆಟ್ಟದಲ್ಲದ ಮುಖ.

“ಈ ಚಾರ್ಟ್ ಬರೆದವರು ನೀವಾ? ಇಬ್ಬರೂ ಒಪ್ಪಿದ್ದಾರೆ, ಸ್ವಲ್ಪ ಒಳಗೆ ಬಂದು ಓದೋದು ಹೇಗೆ ಅಂತ ಹೇಳ್ತೀರಾ?”

ಶಾಲೆಯಲ್ಲಿ ಬಹುಮಾನಕ್ಕೆ ಕರೆದಾಗಲೂ ನಾನು ಅಷ್ಟು ಬೇಗ ಎದ್ದಿರಲಿಲ್ಲ. ಒಳಗೆ ದುಂಡು ಮೇಜು, ಖಾಲಿ ಹೂಜಿ. ಅಕ್ಕನ ಮುಂದೆ ನನ್ನ ಚಾರ್ಟು, ಅದರ ಮೇಲೆ ಅವಳ ಬೆರಳು. ಲ್ಯಾಬಿನಲ್ಲಿ ಟ್ಯೂಬಿನ ಚೀಟಿ ಓದುವ ಹಾಗೆ ಓದುತ್ತಿದ್ದಳು. ನಾನು ಬಣ್ಣಗಳ ಅರ್ಥ ಹೇಳಿದೆ.

“ಮೊದಲನೇ ವಾರ ಮಂಗಳವಾರ, ಬುಧವಾರ ಅಪ್ಪನ ಮನೆ” ಎಂದರು ಮೇಡಂ. “ಮುಂದಿನ ಸಲ?”

“ಬುಧ, ಗುರು.”

“ಅದರ ಮುಂದಿನ ಸಲ?”

“ಗುರು, ಶುಕ್ರ. ಎಂಟು ದಿನದ ಚಕ್ರ ಮೇಡಂ, ಒಂದೊಂದು ದಿನ ಮುಂದಕ್ಕೆ ಜಾರ್ತಾ ಹೋಗುತ್ತೆ. ಐವತ್ತಾರು ದಿನ ಕಳೆದ ಮೇಲೆ ಮತ್ತೆ ಮಂಗಳವಾರಕ್ಕೇ ಬಂದು ನಿಲ್ಲುತ್ತೆ.”

“ಬಂದು ನಿಲ್ಲುತ್ತಂತೆ” ಎಂದಳು ಅಕ್ಕ, ಚಾರ್ಟಿನಿಂದ ಕಣ್ಣೆತ್ತದೆ.

ಆಗಲೂ ನನಗೆ ಹೊಳೆಯಲಿಲ್ಲ. ಡಿಪೋದಲ್ಲಿ ನಾವು ಯಾರೂ ಸೋಮವಾರ, ಮಂಗಳವಾರ ಎನ್ನುವುದಿಲ್ಲ. ‘ನಿನ್ನ ಎರಡನೇ ಬೆಳಗು’, ‘ನನ್ನ ಮೊದಲನೇ ರಜೆ’ ಎನ್ನುತ್ತೇವೆ. ಭಾನುವಾರ ಬಂದರೂ ಬಸ್ಸಿನಲ್ಲಿ ಜನ ಹೆಚ್ಚು ಎಂಬುದರಿಂದಲೇ ತಿಳಿಯಬೇಕು. ಒಂಬತ್ತು ದಿನ ಮೂವರು ಕೂತು ತಿದ್ದಿದ ಚಾರ್ಟಿನಲ್ಲಿ ಏಳು ದಿನದ ವಾರವೇ ಇರಲಿಲ್ಲ, ಮೂವರಿಗೂ ಅದು ಕಾಣಲೂ ಇಲ್ಲ.

“ಇದನ್ನ ಏಳು ವರ್ಷದ ಮಗು ಹೇಗೆ ನೆನಪಿಟ್ಟುಕೊಳ್ಳುತ್ತೆ?” ಎಂದರು ಮೇಡಂ, ಮೆತ್ತಗೆ.

“ಮೇಡಂ, ಇದರಲ್ಲಿ ಒಂದು ತಪ್ಪಿಲ್ಲ!” ಎಂದೆ. “ಬೇಕಿದ್ರೆ ಎಣಿಸಿ ನೋಡಿ! ಇನ್ನೂರ ನಲವತ್ತು ಜನರಿಗೆ ಬರೀತೀನಿ ನಾನು, ಇಲ್ಲಿಯವರೆಗೆ ಒಬ್ಬರು—”

 ಭಾವ ನನ್ನನ್ನು ನೋಡುತ್ತಿದ್ದರು. ಅಕ್ಕ ನೋಡುತ್ತಿದ್ದಳು. ಆ ಮಧ್ಯಾಹ್ನ ಆ ಕೋಣೆಯಲ್ಲಿ ದನಿ ಏರಿಸಿದವನು ನಾನೊಬ್ಬನೇ. ಗಂಡನೂ ಅಲ್ಲದ, ಹೆಂಡತಿಯೂ ಅಲ್ಲದ, ಮಗು ಅಂತೂ ಅಲ್ಲವೇ ಅಲ್ಲದ ಗುಮಾಸ್ತ. ಮೇಡಂ ತಮ್ಮ ಪಾಲಿನ ನೀರಿನ ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಕುಡಿದೆ.

ಅಕ್ಕ ಆಗ ಮಾತಾಡಿದಳು, ಯಾರ ಮುಖವನ್ನೂ ನೋಡದೆ.

“ದಿನಾ ಹಾಸಿಗೆ ಹಾಸುವಾಗ ಕೇಳ್ತಾಳೆ ಮೇಡಂ. ಅಪ್ಪ ಯಾವತ್ತು ಬರ್ತಾರೆ ಅಂತ. ದಿನಾ. ಹಲ್ಲುಜ್ಜುವಾಗ ಇನ್ನೊಂದು ಸಲ. ನನಗೆ ಗೊತ್ತಿಲ್ಲ ಅಂದ್ರೆ, ನಿಂಗೆ ಗೊತ್ತಿದೆ ನೀನು ಹೇಳ್ತಿಲ್ಲ ಅಂತಾಳೆ. ಒಂದೂವರೆ ವರ್ಷದಿಂದ ನಾನೇ ಕಳ್ಳಿ. ಅಲ್ಲಿ ಮಲಗೋದಕ್ಕೆ ನನ್ನ ತಕರಾರಿಲ್ಲ. ಎರಡು ರಾತ್ರಿ ಇರಲಿ. ನನಗೂ ಎರಡು ರಾತ್ರಿ ನಿದ್ದೆ ಬೇಕು, ನಾನೇನು ಕಲ್ಲಾ? ಆದರೆ ಅವಳು ಕೇಳಿದಾಗ ನಾನೊಂದು ವಾರದ ಹೆಸರು ಹೇಳಬೇಕು. ಈ ಮೆಟ್ಟಿಲು ತೋರಿಸಿ ಎಣಿಸ್ಕೋ ಅಂತ ಹೇಳೋಕಾಗಲ್ಲ.”

ಭಾವ ಲೋಟ ಎತ್ತಿದರು. ಖಾಲಿಯಿತ್ತು. ಇಟ್ಟರು. ಈ ಜಾಗದಲ್ಲಿ ಅವರು ಯಾವಾಗಲೂ ಹೇಳುತ್ತಿದ್ದ ಮಾತೊಂದಿದೆ: ಡ್ಯೂಟಿ ಹಾಗಿದೆ, ನಾನೇನು ಮಾಡ್ಲಿ. ಏಳೂವರೆ ವರ್ಷ ಆ ಮನೆಯ ಎಲ್ಲ ಮಾತೂ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಅಕ್ಕ ಅದಕ್ಕೇ ಕಾಯುತ್ತ ಕೂತಿದ್ದಳು, ಅವಳ ಭುಜ ನೋಡಿದರೆ ತಿಳಿಯುತ್ತಿತ್ತು.

“ಲೋ” ಎಂದರು ಭಾವ ನನಗೆ. “ಯಾರ್ಡಲ್ಲಿ ಜಾಗ ಇದೆಯಾ?”

ಯಾರ್ಡು ಎಂದರೆ ಡಿಪೋದ ಒಳಗಿನ ಅಂಗಳ. ಬಂದ ಬಸ್ಸನ್ನು ತೊಳೆಯುವ ಕಡೆಗೆ, ಅಲ್ಲಿಂದ ಡೀಸೆಲ್ ಕಡೆಗೆ, ಅಲ್ಲಿಂದ ಸಾಲಿಗೆ ತಂದು ನಿಲ್ಲಿಸುವ ಕೆಲಸ. ಗೇಟು ದಾಟುವ ಹಾಗಿಲ್ಲ. ಕಣ್ಣು ಮಂದವಾದವರನ್ನು, ಕುಡಿದು ಸಿಕ್ಕಿಬಿದ್ದವರನ್ನು, ಮೇಲಿನವರ ಜೊತೆ ಜಗಳ ಮಾಡಿಕೊಂಡವರನ್ನು ಅಲ್ಲಿ ಹಾಕುತ್ತಾರೆ. ಬೆಳಿಗ್ಗೆ ಆರರಿಂದ ಎರಡು. ರಜೆ ಮಾತ್ರ ಕಾಯಂ: ಮಂಗಳವಾರ, ಬುಧವಾರ, ವರ್ಷವಿಡೀ.

“ಭಾವ, ಯಾರ್ಡು ಅಂದ್ರೆ—”

“ಇದೆಯಾ ಇಲ್ವಾ, ಅಷ್ಟು ಹೇಳು.”

“ಈ ತಿಂಗಳ ಕೊನೆಗೆ ಒಬ್ಬರು ನಿವೃತ್ತಿ ಆಗ್ತಾರೆ.”

ಮೇಡಂ ಕನ್ನಡಕ ಹಾಕಿಕೊಂಡು ಬರೆಯಲು ಶುರು ಮಾಡಿದರು. ಸೋಮವಾರ ಶಾಲೆ ಬಿಟ್ಟ ಮೇಲೆ ಅಪ್ಪ ಕರೆದುಕೊಂಡು ಹೋಗುವುದು. ಸೋಮವಾರ ರಾತ್ರಿ, ಮಂಗಳವಾರ ರಾತ್ರಿ ಅಲ್ಲಿ. ಬುಧವಾರ ಬೆಳಿಗ್ಗೆ ಅಪ್ಪನೇ ಶಾಲೆಗೆ ಬಿಡುವುದು, ಸಂಜೆ ಅಮ್ಮ ಕರೆದುಕೊಳ್ಳುವುದು. ಮೂರು ತಿಂಗಳು ನೋಡೋಣ, ಆಮೇಲೆ ಕಾಯಂ ಮಾಡೋಣ. ಮೂರು ಸಾಲಿನಲ್ಲಿ ಮುಗಿಯಿತು. ಬಣ್ಣವೇ ಬೇಕಾಗಲಿಲ್ಲ.

ಅಕ್ಕ ಸಹಿ ಹಾಕುವ ಮುಂಚೆ ಭಾವನ ಕಡೆ ನೋಡಿದಳು. “ನಿಮ್ಮಿಂದ ಆಗುತ್ತಾ?”

“ಗೊತ್ತಿಲ್ಲ” ಎಂದರು ಭಾವ. ಅದಕ್ಕೂ ಬಾಲ ಕಟ್ಟಲಿಲ್ಲ.

ಹೊರಗೆ ಮೂವರೂ ಯಂತ್ರದ ಚಹಾ ಹಿಡಿದು ನಿಂತೆವು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವರಿಬ್ಬರೂ ಒಂದೇ ಹೊತ್ತಿಗೆ ಚಹಾ ಕುಡಿದದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.  ಇಡೀ ದಿನ ಮೂಟೆ ಹೊತ್ತವರ ಹಾಗೆ ಇದ್ದರು. ಹೊರಡುವಾಗ ಅಕ್ಕ ಚಾರ್ಟನ್ನು ನನ್ನ ಕೈಗೆ ವಾಪಸ್ ಕೊಟ್ಟು, “ಬಟಾಣಿ ಬಸ್ಸಾಗಿದ್ರೆ ಕಣ್ಮುಚ್ಚಿ ಸಹಿ ಹಾಕ್ತಿದ್ದೆ ಕಣೋ” ಎಂದಳು.

ಭಾವನ ಅರ್ಜಿ ನೋಡಿ ಮ್ಯಾನೇಜರು ಎರಡು ಸಲ ಓದಿದರಂತೆ. “ಯಾರ್ಡಿಗೆ ಹಾಕಿ ಅಂತ ಬೇಡ್ಕೊಂಡು ಬಂದವನು ನೀನೇ ಮೊದಲು. ಏನ್ ತಪ್ಪು ಮಾಡಿದ್ದೀಯ, ನಿಜ ಹೇಳು” ಎಂದರಂತೆ. ಲಾಂಗ್ ರೂಟಿನ ಬಸ್ಸು ಒಬ್ಬ ಹುಡುಗ ಡ್ರೈವರಿಗೆ ಹೋಯಿತು. ಎರಡನೇ ವಾರವೇ ಅವನು ಬಲಬದಿಗೆ ಉದ್ದ ಗೀರು ಮಾಡಿಕೊಂಡು ತಂದ. ಅದನ್ನು ತೊಳೆಯುವ ಕಡೆಗೆ ತೆಗೆದುಕೊಂಡು ಹೋಗುವ ಕೆಲಸ ಭಾವನದೇ. ಇಳಿದು, ಗೀರಿನ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ನಿಂತಿದ್ದರು. ನಾನು ಕಿಟಕಿಯಿಂದ ನೋಡಿ, ನೋಡದವನ ಹಾಗೆ ಅಡಿಪಟ್ಟಿ ಎತ್ತಿಕೊಂಡೆ.

ಕೆಣಕುವವರಿಗೆ ಕೊರತೆಯಿರಲಿಲ್ಲ. “ನಿಧಾನಿ, ನಾಲ್ಕನೇ ಗೇರು ಎಲ್ಲಿದೆ ಅಂತ ನೆನಪಿದೆಯಾ?” “ಗೇಟು ದಾಟಬೇಡಪ್ಪ, ದಾರಿ ತಪ್ಪೀಯ!” ಭಾವ ಕೈ ಬೀಸುತ್ತಿದ್ದರು ಅಷ್ಟೇ. ಒಂದು ದಿನ ನನ್ನ ಮೇಜಿನ ಅಂಚಿಗೆ ಕೂತು, “ಹದಿನೆಂಟು ವರ್ಷ ಮುಂದೆ ನೋಡ್ಕೊಂಡು ಓಡಿಸಿದೆ. ಈಗ ಬರೀ ರಿವರ್ಸು. ಸಂಜೆಗೆ ಕತ್ತು ಹಿಡ್ಕೊಂಡಿರುತ್ತೆ” ಎಂದರು. ಮತ್ತೆ, “ಅವಳಿಗೆ ಜಡೆ ಹಾಕೋಕೆ ಬರಲ್ಲ ಕಣೋ ನಂಗೆ. ಮಂಗಳವಾರ, ಬುಧವಾರ ಎರಡು ದಿನಾನೂ ಅಳ್ತಾಳೆ. ಹೋದ ವಾರ ನಾನೂ ಅಳೋ ಹಾಗಾಗಿತ್ತು.” ಅದೃಷ್ಟ ಖುಲಾಯಿಸಿದವರು ಹೇಳುವ ಹಾಗೆ ಹೇಳಲಿಲ್ಲ. ಸುಸ್ತಾದವರು ಹೇಳುವ ಹಾಗೆ ಹೇಳಿದರು.

ಮೂರು ತಿಂಗಳು ತುಂಬಿದಾಗ ಮ್ಯಾನೇಜರು ನನ್ನ ಕೈಗೊಂದು ಕಾಗದ ಕೊಟ್ಟರು. ಲಾಂಗ್ ರೂಟಿನಲ್ಲಿ ಹಳೆಯ ಜಾಗ ಖಾಲಿಯಾಗಿದೆ, ಗೀರು ಮಾಡಿದ ಹುಡುಗನನ್ನು ತೆಗೆದಿದ್ದಾರೆ, ನಿಧಾನಿಗೆ ಬೇಕಿದ್ದರೆ ಸಹಿ ಹಾಕಿ ಕಳಿಸಲಿ, ನಾಳೆಯೊಳಗೆ. ಭಾವ ಎರಡು ಗಂಟೆಗೇ ಹೊರಟುಹೋಗಿದ್ದರು.

ಕೆಲಸ ಮುಗಿಸಿ ಅವರ ಮನೆಗೆ ಹೋದೆ. ಮೂರನೇ ಮಹಡಿ. ಮೆಟ್ಟಿಲು ಹತ್ತುತ್ತ, ಅವರು ಸಹಿ ಹಾಕಿದರೆ ಅಕ್ಕನಿಗೆ ಏನು ಹೇಳಲಿ, ಹಾಕದಿದ್ದರೆ ನನ್ನ ಮನಸ್ಸಿಗೆ ಏನು ಹೇಳಿಕೊಳ್ಳಲಿ ಎಂದು ಲೆಕ್ಕ ಹಾಕುತ್ತಿದ್ದೆ. ಬಾಗಿಲು ತೆಗೆದದ್ದು ಬಟಾಣಿ. ಬಾಯಿಯ ಮೇಲೆ ಬೆರಳಿಟ್ಟುಕೊಂಡಿದ್ದಳು.

“ಶ್ಶ್. ಮಾಮ, ಅಪ್ಪ ಮಲಗಿದ್ದಾರೆ.”

ಭಾವ ನೆಲದ ಮೇಲೆ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಸುತ್ತ ಬಣ್ಣದ ಪೆನ್ಸಿಲ್ಲುಗಳು, ಮಡಿಲಲ್ಲಿ ಅರ್ಧ ಬರೆದ ಮಗ್ಗಿ ಪುಸ್ತಕ.

“ಒಂದು ಸಹಿ ಬೇಕಿತ್ತು ಪುಟ್ಟಾ.”

“ನಾಳೆ ಬಾ. ನಾಳೆ ಮಂಗಳವಾರ, ನಾಳೆನೂ ನಾವಿಲ್ಲೇ ಇರ್ತೀವಿ” ಎಂದಳು. ನನಗಿಷ್ಟೂ ಗೊತ್ತಿಲ್ಲವಲ್ಲ ಎಂಬ ಬೇಸರ ಅವಳ ದನಿಯಲ್ಲಿತ್ತು.

ಮಾತಿಗೆ ಭಾವ ಒಂದು ಕಣ್ಣು ತೆರೆದರು. “ಏನೋ ಅದು?”

“ಲಾಂಗ್ ರೂಟು ಭಾವ. ನಿಮ್ಮ ಹಳೇ ಬಸ್ಸು. ಸಹಿ ಹಾಕಿದ್ರೆ ಒಂದನೇ ತಾರೀಖಿಂದ.”

ಅವರ ಎರಡನೇ ಕಣ್ಣೂ ತೆರೆಯಿತು. ಕಾಗದವನ್ನು ನೋಡಿದರು. ಕೈ ಚಾಚಿದರು ಎಂದುಕೊಂಡೆ. ಮಡಿಲಿನ ಪುಸ್ತಕ ಜಾರುತ್ತಿತ್ತು, ಅದನ್ನು ಹಿಡಿದುಕೊಂಡರು.

“ರಜೆ ಯಾವ ದಿನ ಅಂತ ಬರೆದಿದ್ದಾರಾ?”

“ಇಲ್ಲ. ಅದೇ ಎಂಟು ದಿನದ ಚಕ್ರ.”

 ಕೆಳಗಿನ ರಸ್ತೆಯಲ್ಲಿ ಒಂದು ಬಸ್ಸು ಗೇರು ಬದಲಿಸಿತು. ಅವರ ಪಾದ ತಾನಾಗಿಯೇ ಕ್ಲಚ್ಚು ಒತ್ತಿದ್ದನ್ನು ಕಂಡೆ.

“ಹಾಗಾದ್ರೆ ತಗೊಂಡು ಹೋಗು” ಎಂದರು. ಕಣ್ಣು ಮುಚ್ಚಿದರು.

ನಾನು ಕಾಗದ ಮಡಿಸಿ ಜೇಬಿಗಿಟ್ಟುಕೊಂಡೆ. ಬಟಾಣಿ ಆಗಲೇ ಪೆನ್ಸಿಲ್ಲುಗಳ ನಡುವೆ ಕೂತು, ಅಪ್ಪನ ಮಡಿಲಿನ ಪುಸ್ತಕದಲ್ಲೇ ಮಗ್ಗಿ ಬರೆಯುತ್ತಿದ್ದಳು.

“ಮಾಮ” ಎಂದಳು ತಲೆ ಎತ್ತದೆ, “ಹೋಗ್ತಾ ಬಾಗಿಲು ಮೆತ್ತಗೆ ಎಳ್ಕೋ.”